ಹೊಂಗನೂರಿಗೆ ಕೊಟ್ಟ ಮೊಟ್ಟೆ

ಕ್ಲೋಸ್‌ಪೇಟೆ, ೩ನೇ ಜುಲೈ ೧೯೨೩, ಮಂಗಳವಾರ

ನನಗೆ ಮಾತು ಹೆಚ್ಚು. ಮನೆಯಲ್ಲಿ, ಶಾಲೆಯಲ್ಲಿ, ರೈಲಿನಲ್ಲಿ ಎದುರು ಕೂತವರಲ್ಲಿ, ಎಲ್ಲ ಕಡೆ ಇದೇ ದೂರು. ಅದಕ್ಕೇ ಈ ಪುಸ್ತಕ ಇಟ್ಟುಕೊಂಡಿದ್ದೇನೆ. ನಡುವೆ ಎದ್ದು ಹೋಗದೆ ಕೇಳುವುದು ಇದೊಂದೇ.

ಈ ದಿನ ಮೈಸೂರಿನಿಂದ ಕಾಗದ ಬಂತು. ವಿಶ್ವವಿದ್ಯಾನಿಲಯದ ಸಮಿತಿಯವರು ಸೆಪ್ಟೆಂಬರ್ ಹತ್ತಕ್ಕೆ ನಮ್ಮ ರೇಷ್ಮೆ ವಿದ್ಯಾಶಾಲೆಯನ್ನು ನೋಡಲು ಬರುತ್ತಾರಂತೆ. ಅವರು ಒಪ್ಪಿದರೆ ನಮ್ಮ ಎರಡು ವರ್ಷದ ಪಾಠಕ್ಕೆ ಅವರ ಮಾನ್ಯತೆ ಸಿಗುತ್ತದೆ, ಶಾಲೆ ಕಾಲೇಜಾಗುತ್ತದೆ. ಕಾಗದವನ್ನು ನಾಲ್ಕು ಸಲ ಓದಿದೆ. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿ, ನೂಲಿನ ವ್ಯಾಪಾರಿ ಕಾಡಸಿದ್ದಪ್ಪ, ಆಗಲೇ ನನ್ನನ್ನು ಹೆಡ್‌ಮಾಸ್ತರ್ ಎನ್ನುವುದು ಬಿಟ್ಟು ‘ಅಧ್ಯಕ್ಷರೆ’ ಎನ್ನಲು ಶುರುಮಾಡಿದ್ದಾನೆ. ಬೇಡ ಎಂದೆ. ಎರಡು ಸಲ ಎಂದೆ, ಮೂರನೆಯ ಸಲ ಸುಮ್ಮನಾದೆ.

ಮನೆಯಲ್ಲಿ ಹೇಳಿದರೆ ಹೆಂಡತಿ ಗಿರಿಜಾಂಬ ಪಂಚಾಂಗ ತೆಗೆದಳು.

“ಅವತ್ತು ಅಮಾವಾಸ್ಯೆ. ದಿನ ನೋಡ್ಕೊಂಡು ಬರಬಾರದಾ?”

“ವಿಶ್ವವಿದ್ಯಾನಿಲಯಕ್ಕೆ ಅಮಾವಾಸ್ಯೆ ಇಲ್ಲ ಕಣೆ.”

“ಹುಣ್ಣಿಮೆನಾದ್ರೂ ಐತಾ?”

ಏಳು ವರ್ಷದ ಹಿಂದೆ ಅರ್ಕಾವತಿಯ ಈಚೆ ದಡದಲ್ಲಿ ಎರಡು ಹೆಂಚಿನ ಕೊಟ್ಟಿಗೆ ಹಾಕಿ ಶುರುಮಾಡಿದ ಶಾಲೆ. ಹುಡುಗರಿಗೆ ಹುಳು ಸಾಕುವ ಪಾಠ ಹೇಳುತ್ತೇವೆ, ರೈತರಿಗೆ ಬಿತ್ತನೆ ಮೊಟ್ಟೆ ಕೊಡುತ್ತೇವೆ. ನಮಗೆ ಹೆಸರು ಬಂದದ್ದು ಮೊಟ್ಟೆಯಿಂದ. ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನೇ ಪುಟ್ಟ ಒರಳಿನಲ್ಲಿ ಅರೆದು, ಒಂದು ಹನಿ ರಸವನ್ನು ಸೂಕ್ಷ್ಮದರ್ಶಕದ, ನಮ್ಮವರ ಬಾಯಲ್ಲಿ ದುರ್ಬೀನಿನ, ಕೆಳಗಿಟ್ಟು ನೋಡುತ್ತೇವೆ. ತಾಯಿಗೆ ಗಂಟುರೋಗ ಇದ್ದರೆ ಅಲ್ಲಿ ಹೊಳೆಯುವ ಕಾಳು ಕಾಣುತ್ತವೆ. ಆ ಮೊಟ್ಟೆಯಿಂದ ಬಂದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ, ಪಕ್ಕದ್ದನ್ನೂ ಸಾಯಿಸುತ್ತದೆ. ನೂರು ಚಿಟ್ಟೆಗೆ ಹತ್ತನ್ನು ಅರೆಯಬೇಕು. ಹತ್ತರಲ್ಲಿ ಒಂದರಲ್ಲಿ ಕಂಡರೂ ಆ ಕಂತಿನ, ಅಂದರೆ ಒಟ್ಟಿಗೆ ಇಟ್ಟ ಆ ಚಿಟ್ಟೆಗಳ, ಮೊಟ್ಟೆಯನ್ನೆಲ್ಲ ಸುಡಬೇಕು. ಇದು ನಾನು ಮಾಡಿದ ನಿಯಮ. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು, ಅಷ್ಟೇ ನಮ್ಮ ಶಾಲೆ. ಇದನ್ನು ಗೋಡೆಗೆ ಬರೆಸಿಲ್ಲ. ಗೋಡೆಗೆ ಬರೆದದ್ದನ್ನು ಯಾರೂ ಓದುವುದಿಲ್ಲ.

೧೯ನೇ ಜುಲೈ, ಗುರುವಾರ

ಹೊಂಗನೂರಿಗೆ ಹೋಗಿದ್ದೆ. ಚನ್ನಪಟ್ಟಣದವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ.

ಆ ಊರಿನಲ್ಲಿ ಅರವತ್ತು ಮನೆ ಹುಳು ಸಾಕುತ್ತವೆ. ಅಲ್ಲೊಂದು ಹಳೆಯ ಪದ್ಧತಿ ಇದೆ. ಒಂದೇ ಕಡೆಯಿಂದ ಬಿತ್ತನೆ ತರುವುದಿಲ್ಲ. ಒಂದು ತಟ್ಟೆಗೆ ಮಾಗಡಿಯ ನೆಂಟರ ಮನೆಯದು, ಒಂದಕ್ಕೆ ಸೊಸೆಯ ತವರಿನದು, ಇನ್ನೊಂದಕ್ಕೆ ತಮ್ಮದೇ ಮನೆಯದು, ಹೀಗೆ ಮೂರು ನಾಲ್ಕು ಕಡೆಯದನ್ನು ಕೂಡಿಸುತ್ತಾರೆ. ಊರೂರಿನ ರೋಗ ಒಂದೇ ಮನೆಯಲ್ಲಿ ಸೇರುವುದು ಹೀಗೆಯೇ ಎಂದು ಚಾವಡಿಯಲ್ಲಿ ಒಂದು ಗಂಟೆ ಹೇಳಿದೆ. ಎಲ್ಲರೂ ನಮ್ಮ ಶಾಲೆಯ ಮೊಟ್ಟೆಯನ್ನು ಮಾತ್ರ ತಂದರೆ ಒಂದೇ ವರ್ಷದಲ್ಲಿ ಊರು ಶುದ್ಧವಾಗುತ್ತದೆ ಎಂದೆ. ಪಟೇಲ ಚಿಕ್ಕಹನುಮಯ್ಯ ತಲೆದೂಗಿದ. ಅವನು ತಲೆದೂಗಿದರೆ ಊರು ತಲೆದೂಗಿದ ಹಾಗೆ.

ಬಾಗಿಲ ಮರೆಯಿಂದ ಒಂದು ಹೆಣ್ಣು ದನಿ ಬಂತು.

“ಅಯ್ನೋರೆ, ನಾಕು ಕಡೇದಿದ್ರೆ ಒಂದು ಹೋದ್ರೂ ಮೂರು ಉಳೀತಾವೆ. ನೀವು ಕೊಡೋದು ಒಂದೇ. ಅದೇ ಕೆಟ್ಬುಟ್ರೆ ಊರೆಲ್ಲ ಎಲ್ಲಿಗೆ ಹೋಗದು?”

ಚಿಕ್ಕಹನುಮಯ್ಯನ ಸೊಸೆ ಮಾರಕ್ಕ. ಇಪ್ಪತ್ತು ದಾಟಿರಲಾರದು. ಆ ಮನೆಯ ಹುಳುವೆಲ್ಲ ಅವಳ ಕೈಯಲ್ಲೇ ಬೆಳೆಯುವುದಂತೆ.

“ಒಳಿಕ್ ನಡೆಯವ್ವ, ಗಂಡಸ್ರು ಮಾತಾಡ್ತಾವ್ರೆ,” ಎಂದ ಮಾವ.

“ಹುಳ ಸಾಕೋರು ನಾವು, ಮಾತಾಡೋರು ನೀವು,” ಎಂದಳು. ಒಳಗೆ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

“ಕೆಟ್ಟ ಮೊಟ್ಟೆ ನಮ್ಮ ಬಾಗಿಲು ದಾಟೋದಿಲ್ಲ ತಾಯಿ,” ಎಂದೆ. “ದಾಟಿದರೆ ನಾನೇ ಬಂದು ಇದೇ ಚಾವಡೀಲಿ ನಿಂತು ಹೇಳ್ತೀನಿ.”

ಅರವತ್ತು ಮನೆಯೂ ಒಪ್ಪಿತು. ಮನೆಯಲ್ಲಿ ಕೂಡಿಟ್ಟಿದ್ದ ಬಿತ್ತನೆ ಗೂಡನ್ನು ನನ್ನ ಕಣ್ಣೆದುರೇ ನೂಲು ಬಿಚ್ಚುವವನಿಗೆ ಕೊಟ್ಟುಬಿಟ್ಟರು. ಇಷ್ಟು ಜನ ಒಬ್ಬನ ಮಾತನ್ನು ನಂಬುವುದು ಸಣ್ಣ ವಿಷಯವಲ್ಲ. ಗಾಡಿಯಲ್ಲಿ ಬರುವಾಗ ಕಣ್ಣು ತುಂಬಿ ಬಂತು.

೧ನೇ ಆಗಸ್ಟ್, ಬುಧವಾರ

ಮಾಗಡಿಯಿಂದ ತರಿಸಿದ ಬಿತ್ತನೆ ಗೂಡುಗಳಿಂದ ಚಿಟ್ಟೆ ಹೊರಬಿದ್ದಿವೆ. ಒಟ್ಟು ನಾಲ್ಕು ಕಂತು. ಮೊದಲನೆಯದು ಮೊಟ್ಟೆಯಿಟ್ಟಿತು.

ನಮ್ಮಲ್ಲಿ ದುರ್ಬೀನು ನೋಡುವವಳು ವಜೀರಾ. ಚನ್ನಪಟ್ಟಣದವಳು. ನೂಲು ಬಿಚ್ಚುವ ಕೆಲಸದಲ್ಲಿದ್ದ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಬಂದಾಗ ಓದು ಬರುತ್ತಿರಲಿಲ್ಲ. ಕನ್ನಡ ಅಕ್ಷರ ನಾನೇ ಕಲಿಸಿದೆ, ದುರ್ಬೀನೂ ನಾನೇ ಕಲಿಸಿದೆ. ಈಗ ನನ್ನ ಕಣ್ಣಿಗಿಂತ ಅವಳ ಕಣ್ಣು ಚುರುಕು. ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

“ಸಾಹೇಬ್ರೆ, ಒಸಿ ಬಂದು ನೋಡಿ.”

ನೋಡಿದೆ. ಹತ್ತರಲ್ಲಿ ಒಂದರಲ್ಲಿ ಇತ್ತು. ನುಚ್ಚಕ್ಕಿಯ ಹಾಗೆ, ನಡುವೆ ಬೆಳಕು ತುಂಬಿಕೊಂಡ ಕಾಳು.

ಶಾಲೆಯ ಹಿಂದೆ ಆ ಕಂತನ್ನು ಸುಡಿಸಿದೆ. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿಸಿದೆ. ಬೆಟ್ಟದ ರಣಹದ್ದುಗಳು ಹೊಗೆ ಕಂಡು ಎರಡು ಸುತ್ತು ಹಾಕಿ ಹೋದವು. ಸುಡುವಾಗ ಮನಸ್ಸಿಗೆ ಒಂದು ಬಗೆಯ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಿಲ್ಲ.

೨ನೇ ಆಗಸ್ಟ್, ಗುರುವಾರ

ಎರಡನೆಯದರಲ್ಲೂ ಇದೆ. ಮೂರನೆಯದರಲ್ಲೂ ಇದೆ. ನಾಲ್ಕನೆಯದು ಒಂದೇ ಶುದ್ಧ. ಅದು ಚಿಕ್ಕ ಕಂತು, ಹತ್ತು ಹನ್ನೆರಡು ಮನೆಗೆ ಸಾಕಾದರೆ ಹೆಚ್ಚು.

ಕಾಡಸಿದ್ದಪ್ಪ ಹೇಗೋ ಸುದ್ದಿ ತಿಳಿದು ಬಂದ. ಬರುವಾಗಲೇ ನಗುತ್ತಿದ್ದ. ಅವನು ನಗುತ್ತ ಬಂದರೆ ಏನೋ ಕೇಳುತ್ತಾನೆ.

“ಊರೂರು ತಿರುಗಿ ಅವರ ಬಿತ್ತನೇನೆಲ್ಲ ಬುಡಿಸ್ಬುಟ್ರಿ ಅಧ್ಯಕ್ಷರೆ. ಈಗ ಏನ್ ಕೊಡ್ತೀರಿ, ಬೂದಿನಾ?”

“ರೋಗದ ಮೊಟ್ಟೆ ಕೊಡೋದಕ್ಕಿಂತ ಬೂದಿ ವಾಸಿ.”

“ನಿಮಗೆ ವಾಸಿ. ಹೊಂಗನೂರಲ್ಲಿ ಸೊಪ್ಪು ತೋಟ ಎದೆಮಟ್ಟ ಬಂದೈತೆ, ತಿನ್ನಕ್ಕೆ ಒಂದು ಹುಳ ಇಲ್ಲ. ಸಮಿತಿಯೋರು ಬಂದು ಖಾಲಿ ತಟ್ಟೆ ನೋಡಿದ್ರೆ ಏನಂತಾರೆ? ಈ ಶಾಲೆ ನಂಬಿದೋರ ಗತಿ ಇದು ಅಂತಾರೆ.”

ಅವನು ಕುರ್ಚಿ ಎಳೆದುಕೊಂಡು ಕೂತ.

“ಹತ್ತರಲ್ಲಿ ಒಂದು ತಾನೆ? ಒಂಬತ್ತು ಚೆನ್ನಾಗವೆ ಅಂತಲೂ ಆಯ್ತಲ್ಲ. ನಮ್ಮ ಪೇಟೇಲಿ ಹತ್ತರಲ್ಲಿ ಒಂಬತ್ತು ಜನ ಒಳ್ಳೇರು ಸಿಕ್ಕಿದ್ರೆ ನಾನು ದಿನಾ ಒಂದು ಕಾಯಿ ಒಡೀತೀನಿ.”

ನಗು ಬಂತು. ನಕ್ಕ ಮೇಲೆ ಗದರುವುದು ಕಷ್ಟ. ಯೋಚಿಸುತ್ತೇನೆ ಎಂದು ಹೇಳಿ ಕಳುಹಿಸಿದೆ.

೪ನೇ ಆಗಸ್ಟ್, ಶನಿವಾರ

ಎರಡು ದಿನ ಚೆನ್ನಾಗಿ ಯೋಚಿಸಿದೆ. ನಿಯಮವನ್ನು ಮಾಡಿದವನು ನಾನು. ನಿಯಮ ಮನುಷ್ಯನಿಗೋ ಮನುಷ್ಯ ನಿಯಮಕ್ಕೋ ಎಂದು ಹುಡುಗರಿಗೆ ಎಷ್ಟು ಸಲ ಕೇಳಿಲ್ಲ? ಒಂದು ತಾಯಿಗೆ ರೋಗ ಎಂದು ನೂರು ತಾಯಂದಿರ ಮಕ್ಕಳನ್ನು ಬೆಂಕಿಗೆ ಹಾಕುವುದರಲ್ಲಿ ಕಾಠಿನ್ಯವಿದೆ. ಅದನ್ನು ನಾನು ಇಷ್ಟು ದಿನ ಸತ್ಯ ಎಂದು ಕರೆಯುತ್ತಿದ್ದೆ. ಅರವತ್ತು ಮನೆಗೆ ಇಲ್ಲ ಎನ್ನುವುದು ಸುಲಭ, ಕೈ ತೊಳೆದುಕೊಂಡಂತೆ. ಹೊಣೆ ಹೊತ್ತು ಕೊಡುವುದು ಕಷ್ಟ. ಕಷ್ಟವಾದದ್ದನ್ನು ಮಾಡುವುದೇ ಮುಂದಾಳಿನ ಕೆಲಸ. ಅಲ್ಲದೆ ಎರಡನೆಯ ಕಂತನ್ನು ನಾನೇ ಇನ್ನೊಮ್ಮೆ ನೋಡಿದೆ. ಕಂಡದ್ದು ಗಾಜಿನ ಮೇಲಿನ ಧೂಳೂ ಆಗಿರಬಹುದು.

“ಧೂಳಾದ್ರೆ ಅಲ್ಲಾಡೋದಿಲ್ಲ ಸಾಹೇಬ್ರೆ. ಇವು ಅಲ್ಲಾಡ್ತಾವೆ. ನೀವೇ ಹೇಳ್ಕೊಟ್ಟಿದ್ದು,” ಎಂದಳು ವಜೀರಾ.

“ಹನಿ ಅಲ್ಲಾಡಿದರೆ ಧೂಳೂ ಅಲ್ಲಾಡುತ್ತೆ.”

ಅವಳು ಪರೀಕ್ಷೆಯ ಪುಸ್ತಕವನ್ನು ನನ್ನ ಕಡೆ ಸರಿಸಿದಳು. ಎರಡನೆಯ, ಮೂರನೆಯ ಕಂತಿನ ಎದುರು ಜಾಗ ಖಾಲಿ ಬಿಟ್ಟಿದ್ದಳು. “ಇದನ್ನ ನೀವು ಬರೀರಿ,” ಎಂದಳು. ಮಾತಿನಲ್ಲಿ ಒರಟೇನೂ ಇರಲಿಲ್ಲ. ನಾನು ಬರೆದೆ. ‘ಶುದ್ಧ.’ ಎರಡು ಸಲ ಬರೆಯಬೇಕಾಯಿತು.

ಮಧ್ಯಾಹ್ನದ ರೈಲಿಗೆ ಚಿಕ್ಕಹನುಮಯ್ಯ ಮೂರು ಜನರೊಡನೆ ಬಂದು ಮೊಟ್ಟೆ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದ. ಹೋಗುವ ಮುಂಚೆ ಹೆಬ್ಬಾಗಿಲಿಗೆ ಕೈಮುಗಿದ. ನನಗಲ್ಲ, ಬಾಗಿಲಿಗೆ.

ನಾಲ್ಕನೆಯ ಕಂತನ್ನು ಶಾಲೆಯ ಹುಳು ಮನೆಗೇ ಇಟ್ಟುಕೊಂಡಿದ್ದೇವೆ. ಸಮಿತಿಯವರು ಮೊದಲು ನೋಡುವುದು ಅದನ್ನೇ ಅಲ್ಲವೆ?

೫ನೇ ಆಗಸ್ಟ್, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ. ಊಟ ಸೇರಲಿಲ್ಲ.

೧೩ನೇ ಆಗಸ್ಟ್, ಸೋಮವಾರ

ನಮ್ಮ ಹುಳು ಮನೆಯಲ್ಲಿ ಹುಳುಗಳೆಲ್ಲ ಒಂದೇ ಬೆಳಿಗ್ಗೆ ಹೊರಬಂದವು, ಸಾಸಿವೆ ಚೆಲ್ಲಿದ ಹಾಗೆ. ಹೊಂಗನೂರಿನಿಂದ ಬಂದ ಗಾಡಿಯವನು, ಅಲ್ಲಿ ಮೂರು ದಿನದಿಂದ ಒಂದೊಂದಾಗಿ ಹೊರಬರುತ್ತಿವೆ, ಅರ್ಧ ಹಾಳೆ ಇನ್ನೂ ಹಾಗೇ ಇದೆ ಎಂದ. ಹವೆ ಸರಿಯಿಲ್ಲ, ಮೋಡ ಇದೆ ಎಂದು ಹೇಳಿ ಕಳುಹಿಸಿದೆ. ಕ್ಲೋಸ್‌ಪೇಟೆಯಲ್ಲೂ ಅದೇ ಮೋಡ ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಸಮಿತಿಯ ಸ್ವಾಗತಕ್ಕೆ ಭಾಷಣ ಬರೆಯಲು ತೊಡಗಿದ್ದೇನೆ. ವಿಷಯ, ವಿದ್ಯಾಸಂಸ್ಥೆಯಲ್ಲಿ ಸತ್ಯನಿಷ್ಠೆ. ಚೆನ್ನಾಗಿ ಬರುತ್ತಿದೆ. ಹನ್ನೊಂದು ಪುಟ ಆಯಿತು. ಗಿರಿಜಾಂಬಳಿಗೆ ಓದಿ ಹೇಳಿದೆ.

“ಮೊದಲು ನೀವು ಎರಡು ಮಾತಲ್ಲಿ ಹೇಳ್ತಿದ್ರಿ ಇದನ್ನ,” ಎಂದು ಬಿಸಿನೀರು ನೋಡಲು ಎದ್ದು ಹೋದಳು.

೨೧ನೇ ಆಗಸ್ಟ್, ಮಂಗಳವಾರ

ಹೊಂಗನೂರಿಗೆ ಹುಳು ನೋಡಲು ಕಳುಹಿಸಿದ್ದ ಉಪಾಧ್ಯಾಯ ಗಂಗಯ್ಯ ಹಿಂದಿರುಗಿದ. ಎರಡನೆಯ ಜ್ವರ ಮುಗಿಯಬೇಕಾದ ಹೊತ್ತು. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಮಲಗಿ, ಪೊರೆ ಕಳಚುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ಒಂದೇ ತಟ್ಟೆಯಲ್ಲಿ ಕೆಲವು ಜ್ವರ ಮುಗಿಸಿ ತಿನ್ನುತ್ತಿವೆ, ಕೆಲವು ಇನ್ನೂ ಮೊದಲ ಜ್ವರದಲ್ಲೇ ಇವೆ, ಕೆಲವಕ್ಕೆ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ ಎಂದ. ಎಲ್ಲ ಮನೆಯಲ್ಲೂ ಹಾಗೆಯೇ ಎಂದ. ಕೇಳಿದ ಮೇಲೆ ಇದನ್ನು ಯಾರ ಮುಂದೆಯೂ ಹೇಳಬೇಡ ಎಂದೆ.

ಆದರೆ ವಜೀರಾ ಅಲ್ಲೇ ಇದ್ದಳು.

“ಈಗಲೂ ಟೈಮ್ ಐತೆ ಸಾಹೇಬ್ರೆ. ಎಲ್ಲ ಗುಂಡಿಗೆ ಹಾಕಿ, ತಟ್ಟೆ ತೊಳ್ಕೊಳ್ಳಿ ಅಂತ ಹೇಳಿ. ಮಾಗಡಿ ಕಡೆ ನೆಂಟರಿಂದ ಬೇರೆ ಬಿತ್ತನೆ ತರಬಹುದು. ಸೊಪ್ಪು ಇನ್ನೂ ಒಂದು ತಿಂಗಳು ಬಲಿಯೋದಿಲ್ಲ. ಒಂದು ಬೆಳೆ ಉಳಿಯುತ್ತೆ.”

“ಸಮಿತಿ ಬಂದು ಹೋಗಲಿ.”

“ಹುಳಕ್ಕೆ ಸಮಿತಿ ಗೊತ್ತಿಲ್ಲ ಸಾಹೇಬ್ರೆ.”

ಬುದ್ಧಿವಂತೆ. ಆದರೆ ಒಂದು ಸಂಸ್ಥೆಯನ್ನು ನಡೆಸುವವನು ಏನೇನು ತೂಗಿ ನೋಡಬೇಕು ಎಂಬುದು ದುರ್ಬೀನಿನಲ್ಲಿ ಕಾಣುವುದಿಲ್ಲ. ಐದು ವರ್ಷದಿಂದ ದಿನವಿಡೀ ಒಂದೇ ಕಣ್ಣಿನಲ್ಲಿ ನೋಡಿ ನೋಡಿ ಅವಳ ಎಡಗಣ್ಣು ಕೆಂಪಾಗಿರುವುದನ್ನು ನಾನು ಈಗ ಗಮನಿಸಿದೆ. ಇಷ್ಟು ದಿನ ಗಮನಿಸದೆ ಇದ್ದದ್ದು ನನ್ನ ತಪ್ಪು. ನಾಳೆಯಿಂದ ಅವಳನ್ನು ನೂಲು ಬಿಚ್ಚುವ ಕೋಣೆಗೆ ಹಾಕಿದ್ದೇನೆ. ಅಲ್ಲಿ ಕಣ್ಣಿಗೆ ವಿಶ್ರಾಂತಿ.

೩೧ನೇ ಆಗಸ್ಟ್, ಶುಕ್ರವಾರ

ಇವತ್ತು ಹೊಂಗನೂರಿಗೆ ನಾನೇ ಹೋಗಿ ಎಲ್ಲ ವಿವರಿಸಿ ಬರಬೇಕೆಂದು ಬೆಳಿಗ್ಗೆಯ ರೈಲು ಹತ್ತಿದೆ. ಚನ್ನಪಟ್ಟಣದಲ್ಲಿ ಇಳಿದೆ. ನಿಲ್ದಾಣದ ಹೊರಗೆ ಹೊಂಗನೂರಿನ ಗಾಡಿಗಳು ನಿಂತಿದ್ದವು. ಗಾಡಿಯವರು ಮಾತಾಡಿಕೊಳ್ಳುತ್ತಿದ್ದರು.

“ನಿಮ್ಮನೇಲಿ?”

“ನಿನ್ನೆ ಎಲ್ಲ ಗುಂಡಿಗೆ ಸುರುದ್ವಿ ಕಣ್ಲಾ. ನಾಕನೇ ಜ್ವರಕ್ಕೆ ಮಲಗಿದ್ವು, ಏಳಲೇ ಇಲ್ಲ. ನಿಮ್ದು?”

“ನಮ್ದೂ. ಊರೊಳಗೆ ಉಸುರು ಬುಡಕಾಯ್ತಿಲ್ಲ, ಆ ನಾತ.”

ಅಲ್ಲೇ ಬೆಂಚಿನ ಮೇಲೆ ಕೂತು ಪತ್ರಿಕೆ ಬಿಡಿಸಿಕೊಂಡೆ. ಪತ್ರಿಕೆ ಮೊನ್ನೆಯದು. ಮುಖಕ್ಕೆ ಅಡ್ಡ ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಬೊಂಬೆ ಮಾರುವವಳು ಬಂದು, “ಯಾರಿಗೆ ಕಾಯ್ತಿದೀರ ಸ್ವಾಮಿ?” ಎಂದಳು. ಯಾರಿಗೂ ಇಲ್ಲ ಎಂದೆ. ಮಧ್ಯಾಹ್ನದ ರೈಲಿಗೆ ಹಿಂದಿರುಗಿದೆ.

ದುಃಖದಲ್ಲಿರುವವರ ಮುಂದೆ ಹೋಗಿ ನಿಂತು ವಿಜ್ಞಾನ ಹೇಳುವುದು ಕ್ರೌರ್ಯ. ಅದಕ್ಕೆ ಸಮಯ ಬೇಕು.

೫ನೇ ಸೆಪ್ಟೆಂಬರ್, ಬುಧವಾರ

ಚಿಕ್ಕಹನುಮಯ್ಯ ಬಂದ. ಹೆಬ್ಬಾಗಿಲಲ್ಲಿ ಅವನ ರುಮಾಲು ಕಂಡಾಗ ಬರೆಯುತ್ತಿದ್ದ ಭಾಷಣವನ್ನು ಮೇಜಿನ ಖಾನೆಗೆ ತಳ್ಳಿದೆ. ಜೊತೆಗೆ ನಾಲ್ಕು ಜನ ಹಿರಿಯರು. ನೇರ ಕೋಣೆಗೆ ಬಂದು ಬಾಳೆಗೊನೆಯನ್ನು ಮೇಜಿನ ಪಕ್ಕದಲ್ಲಿಟ್ಟು, ಐದು ಜನವೂ ಕೈಮುಗಿದರು.

“ನಮ್ಮಿಂದ ತಪ್ಪಾಗೋಯ್ತು ಅಯ್ನೋರೆ. ನಿಮ್ಮ ಹೆಸರು ಕೆಡಿಸ್ಬುಟ್ವಿ.”

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಹುಳು ಮನೆಗೆ ಮುಟ್ಟಾದ ಹೆಂಗಸು ಕಾಲಿಟ್ಟರೆ ಹುಳು ಕೆಡುತ್ತದೆ ಎಂದು ಆ ಕಡೆ ನಂಬಿಕೆ. ಆ ಮೂರು ದಿನ ಹಿತ್ತಿಲ ಗುಡ್ಲಿನಲ್ಲಿ ಕೂರಬೇಕು. ಅವನ ಸೊಸೆ ಮಾರಕ್ಕ ಮೂರು ತಿಂಗಳಿಂದ ಗುಡ್ಲಿಗೆ ಹೋಗಿಲ್ಲವಂತೆ. ಅತ್ತೆ ದೊಡ್ಡಲಕ್ಷ್ಮಮ್ಮ ದಿನ ಲೆಕ್ಕ ಹಾಕಿ ನೋಡಿದಳಂತೆ. ಹುಳು ಬಿಟ್ಟು ಕೂರಲಾರದೆ ಮುಟ್ಟನ್ನು ಮುಚ್ಚಿಟ್ಟು ಒಳಗೆ ಹೋಗಿದ್ದಾಳೆ, ಅವಳೇ ನೆರೆಹೊರೆಯ ಮನೆಗಳಿಗೂ ಹುಳು ನೋಡಿಕೊಡಲು ಹೋಗುತ್ತಿದ್ದಳು, ಹಾಗಾಗಿ ಊರಿಗೆಲ್ಲ ಹರಡಿತು ಎಂದು ಪಂಚಾಯ್ತಿ ಕೂತು ತೀರ್ಮಾನವಾಗಿದೆ.

“ಕೇಳಿದ್ರೆ ಬಸುರಿ ಅಂತಾಳೆ ಈಗ. ಆವಾಗ ಯಾಕೆ ಬಾಯಿ ಬುಡ್ಲಿಲ್ಲ? ಉಯ್ಯಂಬಳ್ಳಿಗೆ ತವರಿಗೆ ಕಳಿಸ್ಬುಟ್ಟಿವಿ. ಗೌರಿ ಹಬ್ಬ ಅಂತ ನೆಪ ಹೇಳಿ ಕಳಿಸಿದ್ದು, ಇನ್ ಕರ್ಕೊಬರಾಕಿಲ್ಲ. ನೀವು ಮಾತ್ರ ನಮ್ಮೂರ್ನ ಬುಡಬ್ಯಾಡಿ.”

ಆ ಹೊತ್ತಿನಲ್ಲಿ ನಾನು ಹೇಳಬೇಕಿತ್ತೇ? ಐದು ಜನ ಹಿರಿಯರು, ನೊಂದು ಬಂದವರು, ಒಂದು ತೀರ್ಮಾನಕ್ಕೆ ಬಂದು ಸ್ವಲ್ಪ ಸಮಾಧಾನ ಕಂಡುಕೊಂಡಿದ್ದಾರೆ. ಅವರ ಮನೆಯ ಒಳಗಿನ ವಿಷಯ. ಹುಳು ಮನೆಯನ್ನು ಸುಣ್ಣದ ನೀರಿನಲ್ಲಿ ತೊಳೆಯಿರಿ, ಎಲ್ಲಕ್ಕೂ ಶುಚಿ ಮುಖ್ಯ ಎಂದೆ. ಶುಚಿ ಎಂದದ್ದು ಸುಳ್ಳಲ್ಲ. ಮುಂದಿನ ಕಂತಿನಲ್ಲಿ ಮೊದಲ ಹಾಳೆ ನಿಮಗೇ ಎಂದೆ. ಚಿಕ್ಕಹನುಮಯ್ಯ ಕಣ್ಣೊರೆಸಿಕೊಂಡ.

ಅವರು ಹೋದ ಮೇಲೆ ಬಹಳ ದಿನದ ನಂತರ ಹೊಟ್ಟೆತುಂಬ ಉಂಡೆ. ಬಾಳೆಹಣ್ಣು ಬಹಳ ರುಚಿ.

೧೦ನೇ ಸೆಪ್ಟೆಂಬರ್, ಸೋಮವಾರ

ಸಮಿತಿಯವರು ಬಂದು ಹೋದರು. ಮೂರು ಜನ. ನಮ್ಮ ಹುಳು ಮನೆಯಲ್ಲಿ, ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳ ತುಂಬ ಹೊಳೆಯುವ ಗೂಡು. ಒಬ್ಬರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಹೆಬ್ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದ ‘ಕಣ್ಣು ಕಂಡದ್ದನ್ನು ಬಾಯಿ ಹೇಳಲಿ’ ಎಂಬುದನ್ನು ಹಿರಿಯ ಸದಸ್ಯರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಸಮಿತಿಯವರನ್ನು ಹೊಂಗನೂರಿಗೆ ಕರೆದೊಯ್ಯುವ ಏರ್ಪಾಡನ್ನು ಕಾಡಸಿದ್ದಪ್ಪ ಮೊದಲೇ ತೆಗೆಸಿ, ಆ ಹೊತ್ತಿಗೆ ಫಲಾಹಾರ ಇಟ್ಟಿದ್ದ. ಅದರ ಬದಲು ರೈತರ ಪರವಾಗಿ ಚಿಕ್ಕಹನುಮಯ್ಯನನ್ನೇ ಕರೆಸಿದ್ದ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ.

ಚಿಕ್ಕಹನುಮಯ್ಯ ಎದ್ದು ನಿಂತು, ಈ ಸಲದ ಬೆಳೆ ಹೋದದ್ದನ್ನೂ, ತಪ್ಪು ತಮ್ಮ ಮನೆಯದೆಂಬುದನ್ನೂ, ಶಾಲೆಯ ಮೊಟ್ಟೆ ದೇವರಂಥದ್ದೆಂಬುದನ್ನೂ ಹೇಳಿಬಿಟ್ಟ.

ಹಿರಿಯ ಸದಸ್ಯರು ನನ್ನ ಕಡೆ ತಿರುಗಿದರು. “ಏನು ಪಂಚಾಕ್ಷರಯ್ಯನವರೆ, ಮೈಲಿಗೆಯಿಂದ ಹುಳು ಸಾಯುತ್ತದೆಯೆ? ನಿಮ್ಮ ಅಭಿಪ್ರಾಯ?”

ನೂಲು ಬಿಚ್ಚುವ ಕೋಣೆಯ ಬಾಗಿಲಲ್ಲಿ ವಜೀರಾ ನಿಂತಿದ್ದಳು. ಕೈಯಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು.

“ಗ್ರಾಮಸ್ಥರ ನಂಬಿಕೆಯನ್ನು ಅಣಕಿಸದೆ, ಅವರ ಜೊತೆಯಲ್ಲೇ ನಿಧಾನವಾಗಿ ನಡೆಯುವುದು ಈ ಸಂಸ್ಥೆಯ ಧ್ಯೇಯ,” ಎಂದೆ.

“ಬಹಳ ಪ್ರೌಢವಾದ ಮಾತು,” ಎಂದರು.

ಭಾಷಣಕ್ಕೆ ಚಪ್ಪಾಳೆ ಬಿತ್ತು. ಹೊರಡುವಾಗ ಶಿಫಾರಸು ಮಾಡುತ್ತೇವೆ ಎಂದು ಕೈಕುಲುಕಿದರು. ಕಾಡಸಿದ್ದಪ್ಪ ಪಟಾಕಿ ತರಿಸಿದ್ದ. ಬೇಡ ಎಂದೆ. ಹೊಡೆದರು. ಬಂಡೆಯಿಂದ ಬಂಡೆಗೆ ಸದ್ದು ಹೋಗಿ, ಹದ್ದುಗಳೆಲ್ಲ ಎದ್ದು ಬಹಳ ಹೊತ್ತು ಇಳಿಯಲೇ ಇಲ್ಲ.

೧೫ನೇ ಸೆಪ್ಟೆಂಬರ್, ಶನಿವಾರ

ಹಬ್ಬದ ರಜೆ. ಒಬ್ಬನೇ ಕೂತು ಕಾಲೇಜಿನ ನಿಯಮಾವಳಿ ಬರೆಯುತ್ತಿದ್ದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ, ಏಳುತ್ತಿಲ್ಲ ಎಂದು ಜವಾನ ಬಂದು ಹೇಳಿದ. ಮಾರಕ್ಕ. ಉಯ್ಯಂಬಳ್ಳಿಯಿಂದ ಕಾನಕಾನಹಳ್ಳಿಯ ಮೇಲೆ ಹಾದು ಎರಡು ದಿನ ನಡೆದು ಬಂದಿದ್ದಳು. ಕಾಲಿನ ತುಂಬ ಕೆಂಪು ಧೂಳು. ನೀರು ಕೊಡಿಸಿದೆ.

“ನಾನು ಮೈಲಿಗೇಲಿ ಹೋಗ್ಲಿಲ್ಲ ಅಯ್ನೋರೆ. ನಂಗೆ ನಾಕನೇ ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ, ಅದ್ಕೇ ಈ ಸಲ ಬಾಯಿ ಬುಡ್ಲಿಲ್ಲ, ಕಣ್ಣು ಬೀಳ್ತದೆ ಅಂತ. ಯಾರೂ ನಂಬ್ತಿಲ್ಲ. ಹೊಟ್ಟೆ ಕಾಣೋ ಹೊತ್ಗೆ ನಾನು ತವರಲ್ಲಿರ್ತೀನಿ. ಆಗ ಯಾರ್ದು ಅಂತಾರೆ.”

“ಗಂಡ ಏನಂತಾನೆ?”

“ಅವ್ರಪ್ಪ ಏನಂತಾರೋ ಅದ್ನೇ ಅಂತಾನೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹುಳ ಯಾಕೆ ಸತ್ವು ಅಂತ ನಿಮ್ಗೆ ಗೊತ್ತಿರ್ತದೆ. ನೀವು ಗಾಜಲ್ಲಿ ನೋಡೋರು. ನನ್ನಿಂದ ಅಲ್ಲ ಅಂತ ಒಂದು ಗೆರೆ ಬರ್ಕೊಡಿ. ನಮ್ಮಾವ ನಿಮ್ಮಾತು ಮೀರಾಕಿಲ್ಲ. ಅಷ್ಟೇ ಸಾಕು, ಮತ್ತೇನೂ ಕೇಳಾಕಿಲ್ಲ.”

ಒಂದು ಗೆರೆ. ಅವಳಿಗೆ ಅದು ಸುಲಭ. ‘ಅವಳಿಂದಲ್ಲ’ ಎಂದು ಬರೆದರೆ ಮತ್ತೆ ಯಾರಿಂದ ಎಂದು ಕೇಳುತ್ತಾರೆ. ಶಿಫಾರಸು ಇನ್ನೂ ಮೈಸೂರಿನಲ್ಲಿ ಸಹಿಗೆ ಕಾದಿದೆ. ನಾಳೆ ಇಲ್ಲಿ ಓದಲಿರುವ ನೂರಾರು ಮಕ್ಕಳು ಒಂದು ಕಡೆ. ಆದರೆ ಎದುರಿಗೆ ಕೂತ ಜೀವವನ್ನು ಬರಿಗೈಯಲ್ಲಿ ಕಳುಹಿಸುವವನೂ ನಾನಲ್ಲ. ಬಹಳ ಯೋಚಿಸಿ, ಇಬ್ಬರಿಗೂ ಒಳ್ಳೆಯದಾಗುವಂತೆ ಬರೆದೆ. ‘ಚಿರಂಜೀವಿ ಚಿಕ್ಕಹನುಮಯ್ಯನಿಗೆ ಆಶೀರ್ವಾದ. ತಿಳಿಯದ ವಯಸ್ಸಿನಲ್ಲಿ ತಪ್ಪು ಯಾರಿಂದಲಾದರೂ ಆಗುತ್ತದೆ. ಹುಡುಗಿ ಪಶ್ಚಾತ್ತಾಪದಿಂದ ನನ್ನಲ್ಲಿಗೆ ಬಂದಿದ್ದಾಳೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಮನೆಗೆ ಸೇರಿಸಿಕೊಳ್ಳಬೇಕು.’ ಕೆಳಗೆ ಸಹಿ ಹಾಕಿದೆ. ಒಂದೊಂದು ಪದವೂ ಮೃದುವಾಗಿ ಬಂದಿತ್ತು.

ಮಾರಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳಿಗೆ ಓದು ಬರುವುದಿಲ್ಲ. ಹೊರಗೆ ಜಗುಲಿಯಲ್ಲಿ ವಜೀರಾ ನೂಲು ಒಣಹಾಕುತ್ತಿದ್ದಳು. ರಜೆಯಲ್ಲೂ ಬಂದಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

“ಒಸಿ ಓದವ್ವ ಇದ್ನ, ಕೇಳಾನ,” ಎಂದಳು ಮಾರಕ್ಕ.

ವಜೀರಾ ಓದಿದಳು. ನಾನು ಕಲಿಸಿದ ಹಾಗೆಯೇ, ಅಕ್ಷರ ಬಿಡಿಸಿ, ನಿಧಾನವಾಗಿ. ಕೊನೆಯಲ್ಲಿ ನನ್ನ ಹೆಸರನ್ನೂ ಓದಿದಳು. ಆಮೇಲೆ ವಜೀರಾ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ.

ಮಾರಕ್ಕ ಒಳಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟಳು.

“ಮಾಡ್ದೇ ಇರೋದಕ್ಕೆ ಕ್ಷಮೆ ಬ್ಯಾಡಿ ಅಯ್ನೋರೆ. ಇದ್ನ ಕೊಟ್ರೆ ನಾನೇ ಒಪ್ಕೊಂಡಂಗಾಯ್ತದೆ.”

ಕೂಗಲಿಲ್ಲ, ಅಳಲಿಲ್ಲ. ಮೆಟ್ಟಿಲಿಳಿದು ಹೋದಳು. ವಜೀರಾ ಅವಳ ಹಿಂದೆಯೇ ಹೋದಳು, ನೂಲನ್ನು ಹಾಗೇ ಬಿಟ್ಟು. ನಾಳೆ ಬರುತ್ತಾಳೋ ಇಲ್ಲವೋ ಹೇಳಲಿಲ್ಲ.

ನೊಂದವರಿಗೆ ಆ ಕ್ಷಣದಲ್ಲಿ ಉಪಕಾರ ಕಾಣುವುದಿಲ್ಲ. ಅದಕ್ಕೆ ಬೇಸರಪಟ್ಟುಕೊಳ್ಳಬಾರದು. ಒಳ್ಳೆಯದನ್ನು ಮಾಡುವವನು, ಪಡೆಯುವವರು ಒಪ್ಪಲಿ ಬಿಡಲಿ, ಮಾಡಿಯೇ ತೀರಬೇಕು. ಕಾಗದದ ಸುಕ್ಕನ್ನು ಬಿಡಿಸಿ, ಲಕೋಟೆಗೆ ಹಾಕಿ, ಹೊಂಗನೂರಿನ ವಿಳಾಸ ಬರೆದು ಸಾಯಂಕಾಲದ ಟಪಾಲಿಗೆ ಕೊಟ್ಟು ಕಳುಹಿಸಿದ್ದೇನೆ. ಸೋಮವಾರ ಚಿಕ್ಕಹನುಮಯ್ಯನ ಕೈ ಸೇರುತ್ತದೆ.